ಸಾಲುಸಾಲಿಗೂ ‘ಐ’ ಬಂದರೆ ಏನು ಮಾಡಬೇಕು?

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಎ. ಮಾಡುತ್ತಿದ್ದೇನೆ. ನನ್ನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ಹೆಚ್ಚಿಲ್ಲ. ಆದರೂ ಓದಿದವರೆಲ್ಲ ‘ಸಪ್ಪೆಯಾಗಿದೆ, ವಾಕ್ಯರಚನೆ ಬದಲಾಯಿಸುತ್ತಾ ಹೋಗು’ ಎನ್ನುತ್ತಾರೆ. ಹೇಗೆ ಬದಲಾಯಿಸಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ಬರೆದಾಗ ಯಾರೂ ಹೀಗೆ ಹೇಳಿದ್ದಿಲ್ಲ. ಇಂಗ್ಲಿಷಿನಲ್ಲಿ ಬರೆದಾಗಲೇ ಯಾಕೆ ಹೀಗಾಗುತ್ತದೆ? ನಾನು ಬರೆದ ಒಂದು ತುಣುಕನ್ನು ಜೊತೆಗೆ ಕಳಿಸಿದ್ದೇನೆ.
— ಓದುಗರೊಬ್ಬರು, ಶಿರಸಿ

ಉತ್ತರ: ಕನ್ನಡದಲ್ಲಿ ಬಾರದ ತೊಂದರೆ ಇಂಗ್ಲಿಷಿನಲ್ಲಿ ಯಾಕೆ ಬರುತ್ತದೆ ಎಂದು ಕೇಳಿದ್ದೀರಲ್ಲ, ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಇಂಗ್ಲೆಂಡಿನ ಅಥವಾ ಅಮೆರಿಕದ ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ನೀವು ಕಳಿಸಿದ ತುಣುಕನ್ನೇ ಮುಂದಿಟ್ಟುಕೊಂಡು ನೋಡೋಣ:

‘ಐ ರೀಚ್ಡ್ ದ ಬಸ್ ಸ್ಟ್ಯಾಂಡ್ ಅಟ್ ಸಿಕ್ಸ್. ಐ ವೇಟೆಡ್ ಫಾರ್ ಟೂ ಅವರ್ಸ್. ಐ ಡಿಡ್ ನಾಟ್ ಗೆಟ್ ಎನಿ ಬಸ್. ಐ ಸಾ ಎ ಮಿಲ್ಕ್ ವ್ಯಾನ್ ನಿಯರ್ ದ ಟೀ ಶಾಪ್. ಐ ಆಸ್ಕ್ಡ್ ದ ಡ್ರೈವರ್. ಹಿ ವಾಸ್ ಗೋಯಿಂಗ್ ಟು ಮೈ ವಿಲೇಜ್.’

ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಇದೇ ಸಂಗತಿಯನ್ನು ನೀವು ಮನೆಯಲ್ಲಿ ಹೇಳಿದ್ದರೆ ಹೀಗೆ ಹೇಳುತ್ತಿದ್ದಿರಿ: ‘ಆರು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಂದೆ. ಎರಡು ತಾಸು ಕಾದೆ. ಒಂದು ಬಸ್ಸೂ ಸಿಗಲಿಲ್ಲ. ಚಾದಂಗಡಿ ಹತ್ತಿರ ಹಾಲಿನ ವ್ಯಾನು ಕಂಡಿತು. ಡ್ರೈವರನ್ನು ಕೇಳಿದೆ. ನಮ್ಮೂರಿಗೇ ಹೊರಟಿದ್ದ.’

ಇಲ್ಲೂ ಆರೇ ವಾಕ್ಯ, ಎಲ್ಲವೂ ಚಿಕ್ಕವು, ಆದರೂ ಬೇಸರವಾಗುವುದಿಲ್ಲ. ‘ನಾನು’ ಎಂಬ ಪದ ಒಂದು ಸಲವೂ ಬಂದಿಲ್ಲ ಎನ್ನುವುದನ್ನು ಗಮನಿಸಿ. ಬಂದೆ, ಕಾದೆ, ಕೇಳಿದೆ ಎಂದಾಗ ಕ್ರಿಯಾಪದದ ಕೊನೆಯ ಪ್ರತ್ಯಯವೇ ಯಾರು ಬಂದರು, ಯಾರು ಕಾದರು ಎಂದು ಹೇಳಿಬಿಡುತ್ತದೆ. ಹೀಗಾಗಿ ವಾಕ್ಯದ ಮೊದಲ ಜಾಗ ಬೇರೆ ಸಂಗತಿಗಳಿಗೆ ಉಳಿಯುತ್ತದೆ. ಒಂದು ವಾಕ್ಯ ಹೊತ್ತಿನಿಂದ ಶುರುವಾಗುತ್ತದೆ, ಇನ್ನೊಂದು ಬಸ್ಸಿನಿಂದ, ಮತ್ತೊಂದು ಚಾದಂಗಡಿಯಿಂದ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಶಕ್ತಿ ಬಹುಮಟ್ಟಿಗೆ ಇಲ್ಲ. ‘ರೀಚ್ಡ್’ ಎಂದಷ್ಟೇ ಹೇಳಿದರೆ ಯಾರು ತಲುಪಿದರೋ ತಿಳಿಯದು. ಆದ್ದರಿಂದ ಕರ್ತೃಪದವನ್ನು ಪ್ರತಿ ಸಲ ಹೇಳಲೇಬೇಕು, ಅದೂ ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲು. ಕನ್ನಡದಲ್ಲಿ ಬೇಡವಾದ ‘ನಾನು’ ಇಂಗ್ಲಿಷಿಗೆ ಬಂದ ಕೂಡಲೇ ಐದು ಸಲ ಸಾಲಾಗಿ ಬಂದು ನಿಲ್ಲುತ್ತದೆ.

ಎರಡನೆಯ ಸಂಗತಿ ಪದಗಳ ಕ್ರಮ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಇರುವುದರಿಂದ ‘ರಾಮನನ್ನು ಸೋಮ ಕರೆದ’ ಎಂದರೂ ‘ಸೋಮ ರಾಮನನ್ನು ಕರೆದ’ ಎಂದರೂ ಕರೆದವನು ಸೋಮನೇ. ಒತ್ತು ಎಲ್ಲಿ ಬೇಕೋ ಅದಕ್ಕೆ ತಕ್ಕಂತೆ ನಾವು ಪದಗಳನ್ನು ಹಿಂದೆ ಮುಂದೆ ಸರಿಸುತ್ತೇವೆ. ಹಾಗೆ ಸರಿಸುತ್ತಿದ್ದೇವೆ ಎಂಬುದು ನಮ್ಮ ಗಮನಕ್ಕೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರುಗಳ ಜಾಗ ಬದಲಾದರೆ ಕರೆದವನೇ ಬದಲಾಗಿಬಿಡುತ್ತಾನೆ. ಕನ್ನಡ ಧಾರಾಳವಾಗಿ ಕೊಡುವ ವೈವಿಧ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿ ಸಂಪಾದಿಸಬೇಕು. ನಿಮ್ಮ ಕನ್ನಡ ಚೆನ್ನಾಗಿದ್ದು ಇಂಗ್ಲಿಷ್ ಸಪ್ಪೆಯಾಗುವುದು ಪ್ರತಿಭೆಯ ಕೊರತೆಯಿಂದಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಇನ್ನೂ ಒಂದು ವ್ಯತ್ಯಾಸವಿದೆ. ಕನ್ನಡದಲ್ಲಿ ಏಕತಾನ ಬಂದರೆ ಅದು ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಹೋದನು, ನೋಡಿದನು, ಕೇಳಿದನು’ ಎಂದು ಸಾಲಾಗಿ ಬಂದರೆ ನಮಗೆ ಕಿರಿಕಿರಿಯಾಗುತ್ತದೆ. ನಮ್ಮ ಕಿವಿ ಪಳಗಿರುವುದು ಆ ತುದಿಯನ್ನು ಕೇಳುವುದಕ್ಕೆ. ಇಂಗ್ಲಿಷಿನ ಏಕತಾನ ಇರುವುದು ವಾಕ್ಯದ ಆರಂಭದಲ್ಲಿ. ನಮ್ಮ ಕಿವಿ ಅಲ್ಲಿ ಅಷ್ಟು ಎಚ್ಚರವಾಗಿರುವುದಿಲ್ಲ. ನಿಮ್ಮ ತುಣುಕಿನ ಐದು ‘ಐ’ಗಳು ನಿಮಗೆ ಕೇಳಿಸದೆ ಉಳಿದಿದ್ದಕ್ಕೆ ಇದೂ ಒಂದು ಕಾರಣ.

ಈಗ ಪರಿಹಾರದ ಮಾತು. ಮೊದಲು ಅಡ್ಡದಾರಿಯ ಬಗ್ಗೆ ಎಚ್ಚರಿಸುತ್ತೇನೆ. ‘ವಾಕ್ಯರಚನೆ ಬದಲಾಯಿಸು’ ಎಂದ ಕೂಡಲೇ ಹೆಚ್ಚಿನವರು ಪ್ರತಿ ವಾಕ್ಯದ ಆರಂಭವನ್ನು ತಿರುಚಲು ಹೊರಡುತ್ತಾರೆ: ‘ರೀಚಿಂಗ್ ದ ಬಸ್ ಸ್ಟ್ಯಾಂಡ್ ಅಟ್ ಸಿಕ್ಸ್, ಐ ವೇಟೆಡ್. ಫಾರ್ ಟೂ ಅವರ್ಸ್ ನೋ ಬಸ್ ವಾಸ್ ಗಾಟ್ ಬೈ ಮಿ. ನಿಯರ್ ದ ಟೀ ಶಾಪ್ ವಾಸ್ ಸೀನ್ ಎ ಮಿಲ್ಕ್ ವ್ಯಾನ್.’ ಮೂರು ವಾಕ್ಯಕ್ಕೆ ಮೂರು ಬಗೆಯ ಆರಂಭ ಸಿಕ್ಕಿತು, ಬರಹ ಮಾತ್ರ ಮೊದಲಿಗಿಂತ ಕೆಟ್ಟಿತು. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಫ್ರಾನ್ಸಿಸ್ ಕ್ರಿಸ್ಟೆನ್ಸನ್ 1963ರಲ್ಲಿ ಈ ಉಪದೇಶವನ್ನು ಪರೀಕ್ಷೆಗೆ ಒಡ್ಡಿದರು. ಪಳಗಿದ ಲೇಖಕರ ವಾಕ್ಯಗಳನ್ನು ತೆಗೆದುಕೊಂಡು ಅವು ಹೇಗೆ ಶುರುವಾಗುತ್ತವೆ ಎಂದು ಎಣಿಸಿದರು. ಕರ್ತೃಪದದ ಬದಲು ಬೇರೇನಾದರೂ ಮೊದಲು ಬಂದ ವಾಕ್ಯಗಳು ಹತ್ತಿರಹತ್ತಿರ ನಾಲ್ಕನೆಯ ಒಂದು ಪಾಲು ಮಾತ್ರ. ಅವುಗಳಲ್ಲೂ ಹೆಚ್ಚಿನವು ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಸಾದಾ ಪದಗುಚ್ಛಗಳು. ಅಂದರೆ ಒಳ್ಳೆಯ ಇಂಗ್ಲಿಷಿನ ಬಹುಪಾಲು ವಾಕ್ಯಗಳು ಕರ್ತೃವಿನಿಂದಲೇ ಆರಂಭವಾಗುತ್ತವೆ. ಈ ಎಣಿಕೆ ನಿಮ್ಮಂಥ ವಿದ್ಯಾರ್ಥಿಗಳಿಗೆ ದೊಡ್ಡ ಸಮಾಧಾನ ಕೊಡಬೇಕು. ಕರ್ತೃ ಮೊದಲು ಬರುವುದು ದೋಷವಲ್ಲ. ಎಲ್ಲ ವಾಕ್ಯಕ್ಕೂ ಒಬ್ಬನೇ ಕರ್ತೃ, ಒಂದೇ ಉದ್ದ, ಒಂದೇ ತೂಕ ಆದಾಗ ಬೇಸರ ಹುಟ್ಟುತ್ತದೆ.

ಹಾಗಾದರೆ ನಿಮ್ಮ ತುಣುಕನ್ನು ಹೀಗೆ ಬರೆಯಬಹುದು:

‘ಐ ರೀಚ್ಡ್ ದ ಬಸ್ ಸ್ಟ್ಯಾಂಡ್ ಅಟ್ ಸಿಕ್ಸ್ ಅಂಡ್ ವೇಟೆಡ್ ಟೂ ಅವರ್ಸ್. ನೋ ಬಸ್ ಕೇಮ್. ವೆನ್ ಎ ಮಿಲ್ಕ್ ವ್ಯಾನ್ ಸ್ಟಾಪ್ಡ್ ಅಟ್ ದ ಟೀ ಶಾಪ್, ಐ ಆಸ್ಕ್ಡ್ ದ ಡ್ರೈವರ್ ವೇರ್ ಹಿ ವಾಸ್ ಗೋಯಿಂಗ್. ಹಿ ನೇಮ್ಡ್ ಮೈ ವಿಲೇಜ್.’

ಕಠಿಣ ಪದ ಒಂದೂ ಸೇರಿಲ್ಲ. ಆರು ವಾಕ್ಯ ನಾಲ್ಕಾದವು. ಅವುಗಳ ಪದಸಂಖ್ಯೆ ಕ್ರಮವಾಗಿ 11, 3, 17, 4. ತಲುಪಿದ್ದು, ಕಾದದ್ದು ಎರಡೂ ಒಂದೇ ಸಂಗತಿಯ ಭಾಗ, ಹಾಗಾಗಿ ಜೊತೆಯಾದವು. ಬಸ್ಸು ಬಾರದೇ ಹೋದದ್ದು ಈ ಕಥೆಯ ಕಷ್ಟ, ಅದಕ್ಕೆ ತನ್ನದೇ ವಾಕ್ಯ ಸಿಕ್ಕಿತು. ವ್ಯಾನು ನಿಂತದ್ದು ಮುಂದಿನ ಪ್ರಶ್ನೆಗೆ ಸಂದರ್ಭ ಮಾತ್ರ, ಅದು ‘ವೆನ್’ ಹಿಡಿದು ಉಪವಾಕ್ಯವಾಯಿತು. ಡ್ರೈವರ್ ಏನಂದಾನು ಎಂದು ಓದುಗರು ಕಾಯುತ್ತಿರುವಾಗ ಉತ್ತರ ನಾಲ್ಕೇ ಪದದಲ್ಲಿ ಬರುತ್ತದೆ, ‘ಮೈ ವಿಲೇಜ್’ ಎಂಬುದು ಕಟ್ಟಕಡೆಗೆ ಬರುತ್ತದೆ. ವೈವಿಧ್ಯ ತರಬೇಕು ಎಂದು ನಾನು ಇದನ್ನು ಬದಲಿಸಲಿಲ್ಲ. ಯಾವ ಸಂಗತಿಗೆ ಎಷ್ಟು ತೂಕ ಎಂದು ಕೇಳಿಕೊಂಡೆ, ವಾಕ್ಯಗಳ ಉದ್ದ ತಾನಾಗಿ ಹೆಚ್ಚುಕಡಿಮೆಯಾಯಿತು.

‘ಐ ಡಿಡ್ ನಾಟ್ ಗೆಟ್ ಎನಿ ಬಸ್’ ಎಂಬುದು ‘ನೋ ಬಸ್ ಕೇಮ್’ ಆದದ್ದನ್ನು ಮತ್ತೊಮ್ಮೆ ನೋಡಿ. ಇಲ್ಲಿ ಕರ್ತೃವೇ ಬದಲಾಯಿತು. ಕನ್ನಡದಲ್ಲಿ ನೀವು ಇದನ್ನು ದಿನವೂ ಮಾಡುತ್ತೀರಿ. ‘ನನಗೆ ಬಸ್ಸು ಸಿಗಲಿಲ್ಲ’, ‘ನನಗೆ ಹೆಸರು ನೆನಪಾಯಿತು’, ‘ನನಗೆ ಶಬ್ದ ಕೇಳಿಸಿತು’ ಎಂಬ ವಾಕ್ಯಗಳಲ್ಲಿ ಬಸ್ಸು, ಹೆಸರು, ಶಬ್ದ ಇವೇ ಕರ್ತೃಗಳು. ‘ನಾನು’ ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಇಂಗ್ಲಿಷಿಗೆ ಹೋಗುವಾಗ ಇವೆಲ್ಲ ‘ಐ ಗಾಟ್’, ‘ಐ ರಿಮೆಂಬರ್ಡ್’, ‘ಐ ಹರ್ಡ್’ ಆಗಿಬಿಡುತ್ತವೆ. ಕೆಲವು ಕಡೆ ಅದು ಅನಿವಾರ್ಯ, ಎಲ್ಲ ಕಡೆ ಅಲ್ಲ. ‘ಐ ಹರ್ಡ್ ಎ ನಾಯ್ಸ್ ಇನ್ ದ ಅಟಿಕ್’ ಎನ್ನುವ ಬದಲು ‘ಸಮ್‌ಥಿಂಗ್ ಮೂವ್ಡ್ ಇನ್ ದ ಅಟಿಕ್’ ಎನ್ನಿ. ಅಟ್ಟದಲ್ಲಿ ಏನೋ ಸರಿದಾಡಿದ್ದು ಓದುಗರಿಗೇ ಕೇಳಿಸುತ್ತದೆ. ಯಾರು ಅಥವಾ ಯಾವುದು ಕೆಲಸ ಮಾಡುತ್ತಿದೆ ಎಂದು ಕೇಳಿ ಅದನ್ನೇ ಕರ್ತೃವಾಗಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಬದಲಾವಣೆ. ಶಾಲೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕಲಿಸುವುದೂ ಇದನ್ನೇ.

ಶಾಲೆಯಲ್ಲಿ ಕಲಿಸುವುದು ರೂಪಾಂತರ. ಸಿಂಪಲ್ ವಾಕ್ಯವನ್ನು ಕಾಂಪೌಂಡ್ ಮಾಡಿ, ಕಾಂಪ್ಲೆಕ್ಸ್ ಮಾಡಿ, ‘ನೋ ಸೂನರ್’ ಬಳಸಿ ಬರೆಯಿರಿ. ನೀವು ಇದನ್ನೆಲ್ಲ ಮಾಡಿಯೇ ಬಂದಿದ್ದೀರಿ, ಉಪಕರಣಗಳು ನಿಮ್ಮ ಕೈಯಲ್ಲಿವೆ. ಆದರೆ ಆ ಅಭ್ಯಾಸಗಳ ಮೇಲೆ ಯಾವಾಗಲೂ ‘ಅರ್ಥ ಬದಲಿಸದೆ’ ಎಂಬ ಸೂಚನೆ ಇರುತ್ತದೆ. ಬರೆಯುವವರಿಗೆ ಆ ಮಾತು ಪೂರ್ತಿ ನಿಜವಲ್ಲ. ‘ದ ಹೌಸ್ ಈಸ್ ಓಲ್ಡ್, ಬಟ್ ಇಟ್ ಈಸ್ ಕೂಲ್’ ಎಂದವರು ಆ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾರೆ. ‘ದ ಹೌಸ್ ಈಸ್ ಕೂಲ್, ಬಟ್ ಇಟ್ ಈಸ್ ಓಲ್ಡ್’ ಎಂದವರು ಬೇರೆ ಮನೆ ಹುಡುಕುತ್ತಾರೆ. ಮನೆ ಅದೇ, ಪದಗಳೂ ಅವೇ. ಕೊನೆಯಲ್ಲಿ ನಿಂತದ್ದು ಗೆದ್ದಿತು.

ಇಂಗ್ಲಿಷ್ ವಾಕ್ಯದ ಕೊನೆಗೆ ಇರುವ ಈ ಬಲವನ್ನು ಬಲ್ಲವರು ಹಿಂದೆಯೇ ಗುರುತಿಸಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಅಚ್ಚು ಹಾಕಿಸಿದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಕಿರುಹೊತ್ತಗೆಯಲ್ಲಿ ಒತ್ತು ಬೀಳಬೇಕಾದ ಪದಗಳನ್ನು ವಾಕ್ಯದ ಅಂತ್ಯದಲ್ಲಿ ಇಡಬೇಕೆಂಬುದು ಒಂದು ನಿಯಮ. 1990ರಲ್ಲಿ ಜಾರ್ಜ್ ಗೋಪನ್ ಮತ್ತು ಜುಡಿತ್ ಸ್ವಾನ್ ‘ಅಮೆರಿಕನ್ ಸೈಂಟಿಸ್ಟ್’ ಪತ್ರಿಕೆಯಲ್ಲಿ ವಿಜ್ಞಾನ ಬರಹದ ಬಗ್ಗೆ ಬರೆಯುತ್ತಾ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಓದುವವರು ವಾಕ್ಯದ ಆರಂಭದಲ್ಲಿ ಈಗಾಗಲೇ ಗೊತ್ತಿರುವ, ಹಿಂದಿನ ವಾಕ್ಯಕ್ಕೆ ಕೊಂಡಿಯಾಗುವ ಸಂಗತಿಯನ್ನು ನಿರೀಕ್ಷಿಸುತ್ತಾರೆ, ಕೊನೆಯಲ್ಲಿ ಹೊಸದನ್ನು ಮತ್ತು ಮುಖ್ಯವಾದದ್ದನ್ನು. ಕನ್ನಡಿಗರು ಇದನ್ನು ಬೇಕೆಂದೇ ಕಲಿಯಬೇಕು. ನಮ್ಮ ವಾಕ್ಯದ ಕೊನೆಯ ಜಾಗವನ್ನು ಸಾಮಾನ್ಯವಾಗಿ ಕ್ರಿಯಾಪದ ಹಿಡಿದಿರುತ್ತದೆ, ಮುಖ್ಯ ಸಂಗತಿಯನ್ನು ಅದರ ಹಿಂದೆ ಕೂರಿಸುವುದು ನಮಗೆ ರೂಢಿ. ಒಂದು ರಚನೆ ಮಾತ್ರ ಎರಡು ಭಾಷೆಗೂ ಸಮಾನವಾಗಿ ಒದಗುತ್ತದೆ. ‘ಬೀಗ ಒಡೆದದ್ದು ಪಕ್ಕದ ಮನೆಯ ಹುಡುಗ’ ಎಂದು ನಾವು ಕರ್ತೃವನ್ನು ಕೊನೆಗೆ ತಂದು ನಿಲ್ಲಿಸುತ್ತೇವಲ್ಲ, ಇಂಗ್ಲಿಷಿನಲ್ಲಿ ‘ದ ಒನ್ ಹೂ ಬ್ರೋಕ್ ದ ಲಾಕ್ ವಾಸ್ ದ ಬಾಯ್ ನೆಕ್ಸ್ಟ್ ಡೋರ್’ ಎಂದರೆ ಅದೇ ಕೆಲಸ ಆಗುತ್ತದೆ.

ಇನ್ನು ಕನ್ನಡದ ‘ಮಾಡಿ, ಹೋಗಿ, ಬಂದು’ಗಳ ವಿಚಾರ. ಇವು ನಮ್ಮ ಭಾಷೆಯ ದೊಡ್ಡ ಸಂಪತ್ತು. ‘ಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಊಟಕ್ಕೆ ಕೂತ’ ಎಂದು ಎಷ್ಟು ಕ್ರಿಯೆಗಳನ್ನಾದರೂ ಒಂದೇ ಉಸಿರಿನಲ್ಲಿ ಪೋಣಿಸಬಹುದು. ಇಂಗ್ಲಿಷಿನಲ್ಲಿ ವೈವಿಧ್ಯಕ್ಕಾಗಿ ‘-ಇಂಗ್’ ರೂಪ ಬಳಸಿ ಎಂದು ಹೇಳಿಕೊಟ್ಟಾಗ ನಮ್ಮವರು ಇವನ್ನೆಲ್ಲ ‘ಓಪನಿಂಗ್, ರಿಮೂವಿಂಗ್, ವಾಷಿಂಗ್’ ಎಂದು ಸಾಲಾಗಿ ಸಾಗಿಸುತ್ತಾರೆ. ಅಲ್ಲಿ ಎರಡು ಅಪಾಯಗಳಿವೆ. ವಾಕ್ಯದ ಆರಂಭದ ‘-ಇಂಗ್’ ಹೆಚ್ಚಾಗಿ ಒಂದೇ ಹೊತ್ತಿನಲ್ಲಿ ನಡೆಯುವ ಕ್ರಿಯೆಯನ್ನು ಹೇಳುತ್ತದೆ. ಅದು ನಮ್ಮ ‘ಮಾಡಿ’ಗಿಂತ ‘ಮಾಡುತ್ತಾ’ಗೆ ಹತ್ತಿರ. ‘ವಾಷಿಂಗ್ ಹಿಸ್ ಹ್ಯಾಂಡ್ಸ್, ಹಿ ಏಟ್ ಹಿಸ್ ಡಿನ್ನರ್’ ಎಂದರೆ ಕೈ ತೊಳೆಯುತ್ತಾ ಊಟ ಮಾಡಿದ ಹಾಗೆ ಕೇಳಿಸುತ್ತದೆ. ಎರಡನೆಯದು ಕರ್ತೃವಿಗೆ ಸಂಬಂಧಿಸಿದ್ದು. ‘ಮಳೆ ಬಂದು ರಸ್ತೆ ಕೆಸರಾಯಿತು’ ಎಂಬುದು ಅಚ್ಚ ಕನ್ನಡ. ಬಂದದ್ದು ಮಳೆ, ಕೆಸರಾದದ್ದು ರಸ್ತೆ, ಒಂದು ಕಾರಣ, ಇನ್ನೊಂದು ಪರಿಣಾಮ, ಯಾರಿಗೂ ಗೊಂದಲವಿಲ್ಲ. ಇಂಗ್ಲಿಷ್ ಇಷ್ಟು ಸಲಿಗೆ ಕೊಡುವುದಿಲ್ಲ. ‘ರೇನಿಂಗ್ ಹೆವಿಲಿ, ದ ರೋಡ್ ಟರ್ನ್ಡ್ ಟು ಮಡ್’ ಎಂದರೆ ರಸ್ತೆಯೇ ಮಳೆ ಸುರಿಸಿದಂತಾಗುತ್ತದೆ. ಆರಂಭದ ‘-ಇಂಗ್’ ಯಾರ ಕೆಲಸವೋ ಅವರೇ ಅಲ್ಪವಿರಾಮದ ಆಚೆ ಕರ್ತೃವಾಗಿ ನಿಂತಿರಬೇಕು. ‘ಇಟ್ ರೇನ್ಡ್ ಹೆವಿಲಿ, ಅಂಡ್ ದ ರೋಡ್ ಟರ್ನ್ಡ್ ಟು ಮಡ್’ ಎಂದು ನೇರವಾಗಿ ಹೇಳುವುದೇ ಚಂದ.

ಆದರೆ ‘-ಇಂಗ್’ ಅನ್ನು ಬಿಟ್ಟೇಬಿಡಬೇಡಿ, ವಾಕ್ಯದ ಆರಂಭದಿಂದ ಅಂತ್ಯಕ್ಕೆ ಕೊಂಡೊಯ್ಯಿರಿ. ಕ್ರಿಸ್ಟೆನ್ಸನ್ ಬರೇ ಎಣಿಕೆ ಮಾಡಿ ಸುಮ್ಮನಾದವರಲ್ಲ. ಆಧುನಿಕ ಇಂಗ್ಲಿಷ್ ಗದ್ಯದ ಜೀವಾಳ ಯಾವುದೆಂದೂ ಅವರು ಹುಡುಕಿದರು. ಮುಖ್ಯ ಮಾತನ್ನು ಮೊದಲು ಹೇಳಿ, ಆಮೇಲೆ ಅಲ್ಪವಿರಾಮ ಹಾಕುತ್ತಾ ಒಂದೊಂದೇ ವಿವರವನ್ನು ಬಲಕ್ಕೆ ಸೇರಿಸುತ್ತಾ ಹೋಗುವ ವಾಕ್ಯವನ್ನು ಅವರು ಕ್ಯುಮುಲೇಟಿವ್ ವಾಕ್ಯ ಎಂದು ಕರೆದರು. ಒಂದು ಉದಾಹರಣೆ ಕಟ್ಟೋಣ. ಕನ್ನಡದಲ್ಲಿ: ‘ಒಂದು ಕೈ ಹಣೆಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಗಾಳಿಗೆ ಹಾರುವ ಸೆರಗನ್ನು ಅದುಮಿಕೊಂಡು, ಅಜ್ಜಿ ದಣಪೆಯ ಹತ್ತಿರ ನಿಂತಿದ್ದಳು.’ ವಿವರಗಳೆಲ್ಲ ಎಡಕ್ಕಿವೆ. ಯಾರು, ಏನು ಮಾಡುತ್ತಿದ್ದರು ಎಂಬುದು ಕೊನೆಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ: ‘ಮೈ ಗ್ರ್ಯಾಂಡ್‌ಮದರ್ ಸ್ಟುಡ್ ಅಟ್ ದ ಗೇಟ್, ಒನ್ ಹ್ಯಾಂಡ್ ಶೇಡಿಂಗ್ ಹರ್ ಐಸ್, ದ ಅದರ್ ಹೋಲ್ಡಿಂಗ್ ಡೌನ್ ಹರ್ ಸಾರಿ ಇನ್ ದ ವಿಂಡ್.’ ಅಜ್ಜಿ ಮೊದಲು ಕಂಡಳು, ಆಮೇಲೆ ಕೈಗಳು ಕಂಡವು, ಕೊನೆಗೆ ಗಾಳಿ. ಎರಡೂ ಸುಂದರವಾದ ವಾಕ್ಯಗಳೇ, ಆದರೆ ಎದುರುಬದುರು ದಿಕ್ಕಿನಲ್ಲಿ ಬೆಳೆದವು. ಕನ್ನಡದ ವಾಕ್ಯ ಸಾಮಾನ್ಯವಾಗಿ ಎಡಕ್ಕೆ ತುಂಬಿಕೊಳ್ಳುತ್ತದೆ, ಇಂಗ್ಲಿಷಿನದು ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ‘ಬಂದ’ ಮೊದಲು, ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂಬಲ್ಲಿ ಹುಡುಗ ಮೊದಲು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಈ ಬಲಗಡೆಯ ಜಾಗವನ್ನು ಬಳಸುವುದೇ ಇಲ್ಲ. ಮುಖ್ಯ ವಾಕ್ಯ ಮುಗಿದ ಕೂಡಲೇ ಪೂರ್ಣವಿರಾಮ ಹಾಕಿಬಿಡುತ್ತಾರೆ. ನಿಮ್ಮ ಬರಹಕ್ಕೆ ಒಂದೇ ಒಂದು ಹೊಸ ರಚನೆ ಸೇರಿಸುವುದಾದರೆ ಇದನ್ನೇ ಸೇರಿಸಿ.

ಪದ ಬದಲಾಯಿಸುವುದನ್ನು ಮಾತ್ರ ವಾಕ್ಯ ಬದಲಾವಣೆ ಎಂದುಕೊಳ್ಳಬೇಡಿ. ಮೊದಲ ಸಲ ಬಸ್, ಎರಡನೆಯ ಸಲ ವೆಹಿಕಲ್, ಮೂರನೆಯ ಸಲ ಕನ್ವೇಯನ್ಸ್ ಎಂದು ಬರೆದರೆ ಓದುವವರು ಮೂರು ಬೇರೆಬೇರೆ ವಾಹನಗಳೇನೋ ಎಂದು ತಡವರಿಸುತ್ತಾರೆ. ಫೌಲರ್ ಸಹೋದರರು 1906ರಲ್ಲೇ ‘ದ ಕಿಂಗ್ಸ್ ಇಂಗ್ಲಿಷ್’ ಪುಸ್ತಕದಲ್ಲಿ ಇದಕ್ಕೆ ‘ಎಲಿಗೆಂಟ್ ವೇರಿಯೇಶನ್’ ಎಂದು ಹೆಸರಿಟ್ಟು ಇದನ್ನೊಂದು ದೋಷವೆಂದೇ ಪಟ್ಟಿ ಮಾಡಿದ್ದರು.

ಓದಿ ಕಲಿಯಲು ನಮ್ಮ ನೆಲದ್ದೇ ಎರಡು ಪುಸ್ತಕಗಳಿವೆ, ಎರಡೂ ಮೂರು ವರ್ಷದ ಅಂತರದಲ್ಲಿ ಬಂದವು. ಮೈಸೂರಿನಲ್ಲಿದ್ದು ಬರೆದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಹಾಸನದಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ರಾಜಾ ರಾವ್ ಅವರ ‘ಕಾಂತಾಪುರ’ 1938ರಲ್ಲಿ ಬಂತು. ನಾರಾಯಣರ ವಾಕ್ಯಗಳು ಸಾದಾ. ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮವನ್ನು ಅವರು ಮುರಿಯುವುದು ಅಪರೂಪ. ಆದರೂ ಬೇಸರ ಬರುವುದಿಲ್ಲ. ವಾಕ್ಯಗಳ ಉದ್ದ ಮತ್ತು ಕರ್ತೃ ಎರಡನ್ನೂ ಗುರುತು ಹಾಕಿಕೊಂಡು ಓದಿ, ಕಾರಣ ನಿಮಗೇ ಸಿಗುತ್ತದೆ. ರಾಜಾ ರಾವ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಗಾಂಧಿ ಚಳವಳಿ ಒಂದು ಹಳ್ಳಿಗೆ ಬಂದ ಕಥೆಯನ್ನು ಅಲ್ಲಿ ಅಚ್ಚಕ್ಕ ಎಂಬ ಮುದುಕಿ ಹೇಳುತ್ತಾಳೆ. ಅವಳ ಇಂಗ್ಲಿಷ್ ವಾಕ್ಯಗಳು ‘ಅಂಡ್, ಅಂಡ್’ ಎಂದು ಸಂಗತಿಯ ಮೇಲೆ ಸಂಗತಿ ಪೋಣಿಸುತ್ತಾ ದೂರದೂರಕ್ಕೆ ಹರಿಯುತ್ತವೆ, ಪುರಾಣ ಹೇಳುವವರ ಮಾತಿನಂತೆ. ಭಾರತೀಯ ಬದುಕಿನ ಲಯ ಇಂಗ್ಲಿಷಿನೊಳಗೆ ಬರಬೇಕು ಎಂಬ ತಮ್ಮ ಉದ್ದೇಶವನ್ನು ಅವರು ಮುನ್ನುಡಿಯಲ್ಲಿ ವಿವರಿಸಿದ್ದಾರೆ. ‘ಉದ್ದ ವಾಕ್ಯ ಕೆಟ್ಟದ್ದು, ಚಿಕ್ಕದೇ ಒಳ್ಳೆಯದು’ ಎಂದು ನಿಮಗೆ ಯಾರಾದರೂ ಹೇಳಿದರೆ ಈ ಪುಸ್ತಕ ತೆರೆದು ತೋರಿಸಿ. ಕನ್ನಡದ ‘ಹೋಗಿ, ಬಂದು’ಗಳ ಓಟವನ್ನು ‘-ಇಂಗ್’ಗಳ ಮೇಲೆ ಹೇರದೆ, ‘ಅಂಡ್’ ಎಂಬ ಅತಿ ಸಾಮಾನ್ಯ ಪದದಿಂದಲೇ ಸಾಧಿಸಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ಎರಡೂ ಪುಸ್ತಕಗಳಿಂದ ಒಂದೊಂದು ಪುಟವನ್ನು ಕೈಯಲ್ಲೇ ನಕಲು ಮಾಡಿ. ಕಣ್ಣು ದಾಟಿಹೋಗುವ ರಚನೆ ಕೈಗೆ ಸಿಗುತ್ತದೆ.

ಒಂದೇ ಬಗೆಯ ವಾಕ್ಯಗಳೇ ಬೇಕಾದ ಬರಹಗಳೂ ಇವೆ. ಪ್ರಯೋಗದ ವಿಧಾನ, ಔಷಧಿ ತೆಗೆದುಕೊಳ್ಳುವ ಕ್ರಮ, ಅಡುಗೆಯ ವಿವರ, ಕಾನೂನಿನ ಕಲಮು ಇವುಗಳಲ್ಲಿ ಏಕರೂಪತೆಯೇ ಓದುಗರಿಗೆ ಸಹಾಯ. ಭಾಷಣದಲ್ಲಿ ಒಂದೇ ಆರಂಭವನ್ನು ಬೇಕೆಂದೇ ಮೂರು ನಾಲ್ಕು ಸಲ ಹೇಳಿದಾಗ ಬಲ ಹೆಚ್ಚುತ್ತದೆ. ಅಂಥ ಕಡೆ ಬದಲಿಸಲು ಹೋಗಬೇಡಿ.

ನಿಮ್ಮ ಮುಂದಿನ ಬರಹಕ್ಕೆ ಹೀಗೆ ಮಾಡಿ ನೋಡಿ. ಮೊದಲ ಕರಡನ್ನು ಮನಸ್ಸಿಗೆ ಬಂದಂತೆ ಬರೆದುಬಿಡಿ, ‘ಐ’ಗಳು ಎಷ್ಟು ಬಂದರೂ ಬರಲಿ. ಮರುದಿನ ಪ್ರತಿ ವಾಕ್ಯದ ಮೊದಲ ಎರಡು ಪದಗಳಿಗೆ ಒಂದು ಬಣ್ಣದ ಗೆರೆ, ಕೊನೆಯ ಎರಡು ಪದಗಳಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಮೊದಲ ಬಣ್ಣದಲ್ಲಿ ಒಂದೇ ಪದ ಸಾಲಾಗಿ ಮೂರು ಸಲ ಸಿಕ್ಕರೆ ಅಲ್ಲಿ ಕರ್ತೃವನ್ನು ಬದಲಿಸಬಹುದೇ, ಎರಡು ವಾಕ್ಯಗಳನ್ನು ಕೂಡಿಸಬಹುದೇ ನೋಡಿ. ಎರಡನೆಯ ಬಣ್ಣದಲ್ಲಿ ‘ಆಲ್ಸೋ’, ‘ಇನ್ ದಿಸ್ ವೇ’ ಥರದ ಸತ್ವವಿಲ್ಲದ ಪದಗಳು ಸಿಕ್ಕರೆ ಅವನ್ನು ವಾಕ್ಯದ ಒಳಕ್ಕೆ ಸರಿಸಿ ಅಥವಾ ತೆಗೆದುಹಾಕಿ, ಮುಖ್ಯ ಪದವನ್ನು ಕೊನೆಗೆ ತನ್ನಿ. ಆಮೇಲೆ ಬಾಯಿಬಿಟ್ಟು ಜೋರಾಗಿ ಓದಿ, ಸಾಧ್ಯವಾದರೆ ಗೆಳತಿಯೊಬ್ಬಳಿಗೆ ಕೇಳಿಸುವಂತೆ. ನಾಲಗೆ ಎಲ್ಲಿ ತೊಡರುತ್ತದೋ, ಅವಳ ಗಮನ ಎಲ್ಲಿ ಬೇರೆಡೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಮರು ಬರವಣಿಗೆಯನ್ನು ಆ ಚುಕ್ಕೆಗಳಿಂದ ಶುರು ಮಾಡಿ.